ಕ್ಲಾಸಲ್ಲಿ ಒಂದೂವರೆ ಗಂಟೆಗೇ ಚಾರ್ಜ್ ಖಾಲಿ: ಈ ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟುಕೊಳ್ಳಲಾ, ವಾಪಸ್ ಮಾಡಲಾ?

ಕೊನೆಬೆಂಚು:
ಇಂಜಿನಿಯರಿಂಗ್ ಎರಡನೇ ವರ್ಷ. ಹಗಲು ಕಾಲೇಜು, ರಾತ್ರಿ ಗೇಮ್, ಎರಡಕ್ಕೂ ಒಂದೇ ಸಾಕು ಅಂತ ಲೆಕ್ಕ ಹಾಕಿ ಕಳೆದ ವಾರ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ. ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 165 ಹರ್ಟ್ಸ್ ಸ್ಕ್ರೀನ್, 60 ವ್ಯಾಟ್-ಅವರ್ ಬ್ಯಾಟರಿ. ಗೇಮ್ ಆಡುವಾಗ ಯಾವ ದೂರೂ ಇಲ್ಲ.

ತೊಂದರೆ ಇರುವುದು ಕ್ಲಾಸಲ್ಲಿ. ಒಂಬತ್ತಕ್ಕೆ ಕೂತಾಗ 100 ಪರ್ಸೆಂಟ್ ಇತ್ತು. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್, ಒಂದು ಪಿಡಿಎಫ್, ಅಷ್ಟೇ. ಹತ್ತೂವರೆಗೆ ಸ್ಕ್ರೀನ್ ಕಪ್ಪು. ನಡುವೆ ಫ್ಯಾನ್ ಬೇರೆ ಗುಯ್ ಅಂತ ಎದ್ದು, ಮೇಷ್ಟ್ರು ಪಾಠ ನಿಲ್ಲಿಸಿ ನನ್ನ ಕಡೆ ನೋಡಿದರು. ವಾಪಸ್ ಮಾಡಲು ಇನ್ನು ಮೂರೇ ದಿನ ಇದೆ. ಬ್ಯಾಟರಿ ಕೆಟ್ಟಿದೆಯಾ, ಅಥವಾ ಗೇಮಿಂಗ್ ಲ್ಯಾಪ್‌ಟಾಪ್ ಹಣೆಬರಹವೇ ಇಷ್ಟಾ?

ಎಫ್‌ಪಿಎಸ್ ಹುಚ್ಚ:
ಹಣೆಬರಹವೇ ಇಷ್ಟು ಗುರು. ಚಾರ್ಜರ್ ಹೊತ್ತುಕೊಂಡು ಹೋಗಿ, ಗೋಡೆ ಪಕ್ಕದ ಸೀಟು ಹಿಡಿಯಿರಿ. ನಾನು ಮೂರು ವರ್ಷ ಹಾಗೇ ಕಳೆದೆ.

ಹಳೇಫ್ಯಾನ್:
ಮೂರು ವರ್ಷ ಸುಮ್ನೆ ಹೊತ್ತಿದ್ದೀರಿ ಅನಿಸುತ್ತದೆ.

ಕೊನೆಬೆಂಚು ಅವರೇ, ಮೊದಲು ಲೆಕ್ಕ ನೋಡಿ. 60 ವ್ಯಾಟ್-ಅವರ್ ಬ್ಯಾಟರಿ ಒಂದೂವರೆ ಗಂಟೆಗೆ ಮುಗಿಯಿತು ಅಂದರೆ ನಿಮ್ಮ ಯಂತ್ರ ಗಂಟೆಯುದ್ದಕ್ಕೂ ಸುಮಾರು 40 ವ್ಯಾಟ್ ಕುಡಿದಿದೆ. ಪಿಡಿಎಫ್ ಓದಲು ಅಷ್ಟು ಯಾಕೆ ಬೇಕು? ನನ್ನ ಅನುಮಾನ ಬ್ಯಾಟರಿ ಮೇಲಲ್ಲ. ನೀವು ಗೇಮ್ ಆಡದಿದ್ದರೂ ಎನ್‌ವಿಡಿಯಾ ಕಾರ್ಡ್ ಎಚ್ಚರವಾಗಿಯೇ ಕೂತಿದೆ.

ಎರಡು ವಿಷಯ ನೋಡಿ ಹೇಳಿ. ಕಮಾಂಡ್ ಪ್ರಾಂಪ್ಟ್‌ನಿಂದ ವಿಂಡೋಸ್ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’, ‘ಫುಲ್ ಚಾರ್ಜ್ ಕೆಪಾಸಿಟಿ’ ಎರಡೂ ಹತ್ತಿರ ಹತ್ತಿರ ಇದ್ದರೆ ಬ್ಯಾಟರಿ ಸರಿಯಿದೆ. ಆಮೇಲೆ ಲ್ಯಾಪ್‌ಟಾಪ್ ಜೊತೆ ಬಂದ ಕಂಟ್ರೋಲ್ ಆ್ಯಪ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಮೋಡ್ ಯಾವುದಿದೆ ನೋಡಿ: ಹೈಬ್ರಿಡ್ಡಾ, ಡಿಸ್ಕ್ರೀಟ್ಟಾ?

ಕೊನೆಬೆಂಚು:
ಬ್ಯಾಟರಿ ಸರಿಯಿದೆ, ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ. ಮೋಡ್ ಡಿಸ್ಕ್ರೀಟ್ ಇತ್ತು! ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಜಾಸ್ತಿ ಬರುತ್ತದೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು, ಮೊದಲ ದಿನವೇ ಹಾಕಿ ಮರೆತೇಬಿಟ್ಟಿದ್ದೆ.

ಹಳೇಫ್ಯಾನ್:
ಅಲ್ಲೇ ಇದೆ ನೋಡಿ. ಆ ವಿಡಿಯೋ ಹೇಳಿದ್ದು ಸುಳ್ಳಲ್ಲ. ಹೈಬ್ರಿಡ್‌ನಲ್ಲಿ ಎನ್‌ವಿಡಿಯಾ ಬಿಡಿಸಿದ ಚಿತ್ರ ಪ್ರೊಸೆಸರ್ ಒಳಗಿನ ಚಿಕ್ಕ ಗ್ರಾಫಿಕ್ಸ್ ಮೂಲಕ ಹಾದು ಸ್ಕ್ರೀನ್‌ಗೆ ಬರುತ್ತದೆ, ಅದರಲ್ಲಿ ಒಂದಿಷ್ಟು ಫ್ರೇಮ್ ಹೋಗುತ್ತವೆ. ಡಿಸ್ಕ್ರೀಟ್‌ನಲ್ಲಿ ಸ್ಕ್ರೀನ್ ನೇರವಾಗಿ ಎನ್‌ವಿಡಿಯಾಗೆ ಜೋಡಣೆ. ಆದರೆ ಹಾಗೆ ಜೋಡಿಸಿದ ಮೇಲೆ ಅದಕ್ಕೆ ನಿದ್ದೆ ಇಲ್ಲ, ಖಾಲಿ ಡೆಸ್ಕ್‌ಟಾಪ್ ತೋರಿಸಲೂ ಅದೇ ಬೇಕು. ಈ ದಾರಿ ಬದಲಿಸುವುದಕ್ಕೇ ಮಕ್ಸ್ ಸ್ವಿಚ್ ಅನ್ನುತ್ತಾರೆ. ಹೈಬ್ರಿಡ್‌ಗೆ ಹಾಕಿ, ರೀಸ್ಟಾರ್ಟ್ ಮಾಡಿ, ಚಾರ್ಜರ್ ಕಿತ್ತು ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಎಚ್‌ಡಬ್ಲ್ಯೂಇನ್ಫೋ ಅನ್ನುವ ಅಳತೆಯ ಪ್ರೋಗ್ರಾಂನಲ್ಲಿ ನೋಡಿ.

ಕೊನೆಬೆಂಚು:
ಮೊದಲು 38 ಇತ್ತು, ಈಗ 24. ಫ್ಯಾನ್ ಕಡಿಮೆಯಾಯಿತು, ನಿಂತಿಲ್ಲ.

ಹಳೇಫ್ಯಾನ್:
24 ಇನ್ನೂ ಜಾಸ್ತಿ. ಯಾವುದೋ ಪ್ರೋಗ್ರಾಂ ಕಾರ್ಡನ್ನು ಮಲಗಲು ಬಿಡುತ್ತಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಮೇಲಿನ ‘ಡೆಸ್ಕ್‌ಟಾಪ್’ ಮೆನುವಿನಲ್ಲಿ ಜಿಪಿಯು ಆಕ್ಟಿವಿಟಿ ಐಕಾನ್ ಟಿಕ್ ಮಾಡಿ. ಗಡಿಯಾರದ ಹತ್ತಿರ ಒಂದು ಪುಟ್ಟ ಐಕಾನ್ ಬರುತ್ತದೆ. ಕಾರ್ಡ್ ಮಲಗಿದ್ದರೆ ಬೂದು ಬಣ್ಣ, ಎದ್ದಿದ್ದರೆ ಬಣ್ಣಬಣ್ಣ. ಕ್ಲಿಕ್ ಮಾಡಿದರೆ ಯಾರು ಎಬ್ಬಿಸಿದ್ದು ಅನ್ನುವ ಪಟ್ಟಿಯೂ ಸಿಗುತ್ತದೆ.

ಒಂದು ಮಾತು, ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟರೆ ಅದೂ ಆಗಾಗ ಕಾರ್ಡನ್ನು ತಟ್ಟಿ ಎಬ್ಬಿಸಬಹುದು. ಕಳ್ಳನನ್ನು ಹುಡುಕಲು ಹೋದವನೇ ಕಳ್ಳನಾದ ಹಾಗೆ. ಅಂಕಿ ನೋಡಿ ಮುಚ್ಚಿಬಿಡಿ.

ಕೊನೆಬೆಂಚು:
ಸಿಕ್ಕಿತು! ಇಬ್ಬರು. ಒಂದು, ಡೆಸ್ಕ್‌ಟಾಪ್‌ನಲ್ಲಿ ಮಳೆ ಸುರಿಯುವ ಲೈವ್ ವಾಲ್‌ಪೇಪರ್. ಇನ್ನೊಂದು, ಗೆಳೆಯರ ಜೊತೆ ಮಾತಾಡೋ ಚಾಟ್ ಆ್ಯಪ್. ಮಳೆ ನಿಲ್ಲಿಸಿದೆ. ಚಾಟ್ ಆ್ಯಪ್‌ಗೆ ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ‘ಪವರ್ ಸೇವಿಂಗ್’ ಕೊಟ್ಟೆ. ಬ್ಯಾಟರಿಯಲ್ಲಿದ್ದಾಗ ಸ್ಕ್ರೀನ್ 60 ಹರ್ಟ್ಸ್‌ಗೆ ಇಳಿಯಲಿ ಅಂತಲೂ ಮಾಡಿದೆ. ಈಗ 11 ವ್ಯಾಟ್! ಐಕಾನ್ ಬೂದು. ಫ್ಯಾನ್ ಇದೆಯೋ ಇಲ್ಲವೋ ಅಂತ ಕಿವಿ ಇಟ್ಟು ಕೇಳಬೇಕಾಯಿತು.

ಎಫ್‌ಪಿಎಸ್ ಹುಚ್ಚ:
ನಂದೂ ನೋಡಿದೆ. ಡಿಸ್ಕ್ರೀಟ್. ಏನೂ ಹೇಳೋದು ಬೇಡ ಬಿಡಿ.

ಮೊದಲವರ್ಷ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನಿನ್ನೂ ತಗೊಂಡಿಲ್ಲ. ತೆಳ್ಳಗಿನ ಒಂದರಲ್ಲಿ 4060 ಇದೆ, ಸ್ವಲ್ಪ ದಪ್ಪಗಿರುವುದರಲ್ಲಿ 4050. ಕಣ್ಣು ಮುಚ್ಚಿ 4060 ತಗೊಳ್ಳಬಹುದು ಅಲ್ವಾ?

ಹಳೇಫ್ಯಾನ್:
ಕಣ್ಣು ತೆರೆದು ತಗೊಳ್ಳಿ. ಲ್ಯಾಪ್‌ಟಾಪ್ 4060ಕ್ಕೆ ಎನ್‌ವಿಡಿಯಾ ಕೊಟ್ಟಿರುವ ಅಳತೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ. ಎಷ್ಟು ಕೊಡಬೇಕು ಅನ್ನುವುದು ಲ್ಯಾಪ್‌ಟಾಪ್ ಮಾಡುವವರ ಕೈಯಲ್ಲಿ. ತೆಳ್ಳಗಿನ ಡಬ್ಬಿಯಲ್ಲಿ ಶಾಖ ಹೊರಹಾಕಲು ಜಾಗ ಇರುವುದಿಲ್ಲ, ಹಾಗಾಗಿ ಕಡಿಮೆ ಕೊಟ್ಟಿರುತ್ತಾರೆ. ಅಂಥ 4060ಯನ್ನು ಪೂರ್ತಿ ವ್ಯಾಟ್ ಸಿಕ್ಕ 4050 ಹಿಂದೆ ಹಾಕಿದರೆ ಆಶ್ಚರ್ಯ ಬೇಡ. ಹೆಸರು ಒಂದೇ, ಊಟ ಬೇರೆ. ಸ್ಪೆಸಿಫಿಕೇಶನ್ ಪುಟದಲ್ಲಿ ‘ಟಿಜಿಪಿ’ ಅಥವಾ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಹುಡುಕಿ. ಎಲ್ಲೂ ಬರೆದಿಲ್ಲವಾದರೆ ನಾನಾದರೆ ಆ ಮಾಡೆಲ್ ಬಿಡುತ್ತೇನೆ.

4060ಗೆ ಇರುವ ನಿಜವಾದ ಅನುಕೂಲ ಮೆಮೊರಿ: ಅದರಲ್ಲಿ 8 ಜಿಬಿ, 4050ರಲ್ಲಿ 6. ನಾಲ್ಕು ವರ್ಷ ಇಟ್ಟುಕೊಳ್ಳುವವರಿಗೆ ಆ 2 ಜಿಬಿ ಮುಖ್ಯ. ಹಾಗಾಗಿ ವ್ಯಾಟ್ ಸಿಗುವ 4060 ಸಿಕ್ಕರೆ ಅದೇ.

ಕಾಲೇಜಿನ ದೃಷ್ಟಿಯಿಂದ ತೂಕವನ್ನು ಚಾರ್ಜರ್ ಸೇರಿಸಿಯೇ ಲೆಕ್ಕ ಹಾಕಿ. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದನ್ನೇ ನೋಡಿ. ಹಗಲಿಗೆ ಅಂಗೈಯಗಲದ 100 ವ್ಯಾಟ್ ಚಾರ್ಜರ್ ಸಾಕು, ಇಟ್ಟಿಗೆಯಂಥದ್ದು ರೂಮಲ್ಲೇ ಇರಲಿ. ಆದರೆ ಆ ಚಿಕ್ಕದರಲ್ಲಿ ಗೇಮ್ ಆಡಲು ಹೋದರೆ ಫ್ರೇಮ್ ಬೀಳುತ್ತದೆ. ರ‍್ಯಾಮ್ 16 ಜಿಬಿ ಒಂದೇ ಕಡ್ಡಿಯಲ್ಲಿದ್ದರೆ 8-8ರ ಎರಡಕ್ಕಿಂತ ಗೇಮ್‌ನಲ್ಲಿ ನಿಧಾನ, ಆದರೆ ಎರಡನೇ ಸ್ಲಾಟ್ ಖಾಲಿ ಇದ್ದರೆ ಮುಂದೆ ಸೇರಿಸಬಹುದು. ಸ್ಕ್ರೀನ್‌ಗೆ ‘45% ಎನ್‌ಟಿಎಸ್‌ಸಿ’ (ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ) ಅಂತ ಬರೆದಿದ್ದರೆ ಬಣ್ಣ ಪೇಲವ, ಡಿಸೈನ್ ಓದುವವರು ದೂರ ಇರಿ. ಲ್ಯಾಬ್‌ನಲ್ಲಿ ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಅಂತ ಸೀನಿಯರ್‌ಗಳನ್ನು ಈಗಲೇ ಕೇಳಿ. ಸಾಲಿಡ್‌ವರ್ಕ್ಸ್ ಥರದ 3ಡಿ ಡಿಸೈನ್ ಸಾಫ್ಟ್‌ವೇರ್ ಇದ್ದರೆ ವಿಂಡೋಸ್ ಬೇಕೇ ಬೇಕು.

ಕೊನೆಬೆಂಚು:
ಇವತ್ತು ಕ್ಲಾಸಿಗೆ ಒಯ್ದಿದ್ದೆ. ಒಂಬತ್ತಕ್ಕೆ 100, ಮಧ್ಯಾಹ್ನ ಒಂದಕ್ಕೆ 22. ವಾಪಸ್ ಮಾಡುವುದಿಲ್ಲ. ಆದರೆ ಒಂದು ವಿಚಿತ್ರ: ಸೆಮಿನಾರ್‌ಗೆ ಅಂತ ಪ್ರೊಜೆಕ್ಟರ್‌ನ ಎಚ್‌ಡಿಎಂಐ ಚುಚ್ಚಿದ ತಕ್ಷಣ ಐಕಾನ್ ಬಣ್ಣಕ್ಕೆ ತಿರುಗಿತು, ಫ್ಯಾನ್ ಶುರು.

ಹಳೇಫ್ಯಾನ್:
ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರ ಎನ್‌ವಿಡಿಯಾಗೆ ಸೇರಿರುತ್ತದೆ, ಹೈಬ್ರಿಡ್ ಇದ್ದರೂ ಅದು ಏಳಲೇಬೇಕು. ಕೆಲವದರಲ್ಲಿ ಯುಎಸ್‌ಬಿ-ಸಿ ಪೋರ್ಟ್ ಚಿಕ್ಕ ಗ್ರಾಫಿಕ್ಸ್‌ಗೆ ಸೇರಿರುತ್ತದೆ. ಒಂದು ಅಡಾಪ್ಟರ್ ಸಾಲ ತಂದು ಚುಚ್ಚಿ ನೋಡಿ, ಐಕಾನ್ ಬೂದಾಗಿಯೇ ಉಳಿದರೆ ಅದರಲ್ಲೇ ಕೊಡಿ. ಇಲ್ಲವಾದರೆ ಸೆಮಿನಾರ್ ದಿನ ಮಾತ್ರ ಗೋಡೆ ಪಕ್ಕದ ಸೀಟು. ಹುಚ್ಚ ಅವರು ಜಾಗ ಹಿಡಿದು ಕೊಡುತ್ತಾರೆ.