ಲೇಯ್ಟೆಯಲ್ಲಿ ಜನಕ್ಕೆ ಮಾತ್ರೆ ಕೊಟ್ಟರೂ ರಕ್ತದ ಹುಳು ಹೋಗುತ್ತಿಲ್ಲ, ಎಮ್ಮೆಗಳು ಕಾರಣವಾ?

ಹಾಸನದ_ಹುಡುಗ:
ಫಿಲಿಪೈನ್ಸ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಮುಂದಿನ ತಿಂಗಳು ಲೇಯ್ಟೆ ದ್ವೀಪದ ಹಳ್ಳಿಗಳಲ್ಲಿ ಪೋಸ್ಟಿಂಗ್. ಅಲ್ಲಿ ಶಿಸ್ಟೊಸೋಮಿಯಾಸಿಸ್ ಇದೆ, ರಕ್ತನಾಳದೊಳಗೇ ಸಂಸಾರ ಹೂಡುವ ಹುಳುವಿನ ಕಾಯಿಲೆ. ಜನಕ್ಕೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡುತ್ತಲೇ ಇದ್ದಾರೆ, ಆದರೂ ಮತ್ತೆ ಮತ್ತೆ ಬರುತ್ತದೆ. ಪಾಠ ಮಾಡುವವರು ಕಾರಬಾವ್‌ಗಳನ್ನು, ಅಂದರೆ ಇಲ್ಲಿನ ಉಳುವ ಎಮ್ಮೆ-ಕೋಣಗಳನ್ನು ಮರೆಯಬೇಡಿ ಅಂದು ಮುಂದಿನ ಸ್ಲೈಡ್‌ಗೆ ಹೋಗಿಬಿಟ್ಟರು. ಆಫ್ರಿಕಾದ ಬಗ್ಗೆ ಹೇಳುವಾಗ ಪ್ರಾಣಿಗಳ ಸುದ್ದಿಯೇ ಬರಲಿಲ್ಲ, ಇಲ್ಲಿ ಯಾಕೆ? ನಮ್ಮೂರ ದನಗಳಲ್ಲೂ ಇಂಥ ಹುಳು ಇರುತ್ತಲ್ವಾ, ಅದೂ ಇದೂ ಒಂದೇನಾ?

ದನದ_ಡಾಕ್ಟ್ರು:
ಒಂದೇ ಅಲ್ಲ. ಈ ಹುಳುವಿನಲ್ಲಿ ಹಲವು ಜಾತಿ. ಆಫ್ರಿಕಾದಲ್ಲಿ ಜನರನ್ನು ಕಾಡುವುದು ಮುಖ್ಯವಾಗಿ ಹೀಮಟೋಬಿಯಮ್ ಮತ್ತು ಮ್ಯಾನ್ಸೋನಿ ಅನ್ನುವ ಜಾತಿಗಳು. ಅವು ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೇ ಸುತ್ತುತ್ತವೆ. ನಿಮ್ಮ ಕಡೆ ಇರುವುದು ಜಪೋನಿಕಮ್. ಅದಕ್ಕೆ ಯಾರ ಮೈಯಾದರೂ ಆಗುತ್ತದೆ. ದನ, ಎಮ್ಮೆ, ಹಂದಿ, ನಾಯಿ, ಮೇಕೆ, ಇಲಿ ಅಂತ 40ಕ್ಕೂ ಹೆಚ್ಚು ಸಸ್ತನಿಗಳಲ್ಲಿ ಸಿಕ್ಕಿದೆ. ಊರಿನವರೆಲ್ಲ ಮಾತ್ರೆ ನುಂಗಿದರೂ ಕೊಟ್ಟಿಗೆಯಲ್ಲಿ ಹುಳು ಹಾಗೇ ಉಳಿದಿರುತ್ತದೆ.

ಎಮ್ಮೆಯ ಲೆಕ್ಕ ಸ್ವಲ್ಪ ಮೋಸದ್ದು. ಗ್ರಾಂ ಸಗಣಿಗೆ ಮೊಟ್ಟೆ ಕಡಿಮೆ, ಆದರೆ ದಿನಕ್ಕೆ ಹಾಕುವ ಸಗಣಿ ಇಪ್ಪತ್ತು ಕಿಲೋ ದಾಟುತ್ತದೆ, ಅದೂ ನೀರಲ್ಲಿ ಬಿದ್ದುಕೊಂಡೇ. ಮೊಟ್ಟೆ ಅಲ್ಲೇ ಒಡೆದು, ಹೊರಬಂದ ಮರಿ ಓಂಕೊಮೆಲೇನಿಯ ಅನ್ನುವ ಬಸವನಹುಳುವಿನೊಳಗೆ ಸೇರುತ್ತದೆ. ಆ ಬಸವನಹುಳು ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ, ನೀರಿಗಿಂತ ದಂಡೆಯ ಒದ್ದೆ ಹುಲ್ಲಿನ ಬುಡದಲ್ಲೇ ಜಾಸ್ತಿ. ಅದರೊಳಗೆ ಬೆಳೆದು ಸಾವಿರಗಟ್ಟಲೆ ಬಾಲದ ಮರಿಗಳಾಗಿ ಹೊರಬಂದು, ನೀರಿಗಿಳಿದವರ ಚರ್ಮ ತೂರಿ ಒಳಗೆ ಹೋಗುತ್ತವೆ. ಕುಡಿಯಲೇಬೇಕು ಅಂತಿಲ್ಲ, ಕಾಲಿಟ್ಟರೆ ಸಾಕು.

ಫಿಲಿಪೈನ್ಸ್‌ನಲ್ಲಿ ಎಷ್ಟೋ ವರ್ಷ ಎಮ್ಮೆಯ ಪಾತ್ರ ಸಣ್ಣದು ಅಂದುಕೊಂಡಿದ್ದರು. ಸಗಣಿಯನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಬರೀ ನಾರು, ನಾಲ್ಕು ಮೊಟ್ಟೆ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಸಮಾರ್ ದ್ವೀಪದಲ್ಲಿ ಪಿಸಿಆರ್, ಅಂದರೆ ಹುಳುವಿನ ಡಿಎನ್‌ಎ ಹುಡುಕುವ ಪರೀಕ್ಷೆ, ಮಾಡಿ ನೋಡಿದಾಗ, ಎಣಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಎಮ್ಮೆಗಳಲ್ಲಿ ಸೋಂಕು ಸಿಕ್ಕಿತು.

ಇನ್ನು ನಮ್ಮೂರದು. ಜಪೋನಿಕಮ್ ಭಾರತದಲ್ಲಿಲ್ಲ. ನಮ್ಮಲ್ಲಿರುವುದು ನೇಸಾಲೆ, ಸ್ಪಿಂಡೇಲ್, ಇಂಡಿಕಮ್. ನೇಸಾಲೆ ಹುಳು ದನದ ಮೂಗಿನ ರಕ್ತನಾಳದಲ್ಲಿ ಕೂರುತ್ತದೆ, ಅದರಿಂದಲೇ ಗೊರಕೆ ರೋಗ. ಮೂಗೊಳಗೆ ಹೂಕೋಸಿನಂಥ ಗಡ್ಡೆ ಬೆಳೆದು, ಕೊಟ್ಟಿಗೆ ಬಾಗಿಲಲ್ಲಿ ನಿಂತರೂ ಹಸು ಉಸಿರಾಡುವ ಸದ್ದು ಕೇಳುತ್ತದೆ. ಸಿಂಬಳ ತೆಗೆದು ನೋಡಿದರೆ ಬಾಗಿದ ಬೂಮರಾಂಗ್ ಆಕಾರದ ಮೊಟ್ಟೆ. ತಮಾಷೆ ಅಂದರೆ ಎಮ್ಮೆಯಲ್ಲಿ ಇದೇ ಹುಳು ಇದ್ದರೂ ಹೆಚ್ಚಾಗಿ ಗೊರಕೆ ಇರುವುದಿಲ್ಲ, ಆರಾಮಾಗಿ ಓಡಾಡಿಕೊಂಡಿರುತ್ತದೆ. ಇವು ಮನುಷ್ಯರಲ್ಲಿ ಬೆಳೆಯುವುದಿಲ್ಲ. ಚರ್ಮದಲ್ಲೇ ಸಾಯುತ್ತವೆ, ಗದ್ದೆಗಿಳಿದವರಿಗೆ ತುರಿಕೆ ಬರುವುದಕ್ಕೆ ಅದೂ ಒಂದು ಕಾರಣ.

ಕೆರೆ_ದಂಡೆ:
ಚೀನಾದಲ್ಲೂ ಜಪೋನಿಕಮ್‌ದೇ ಕಾಟ, ಅವರು ಈ ದನ-ಎಮ್ಮೆಗಳ ದಾರಿಯನ್ನೇ ಹಿಡಿದುಕೊಂಡರು. ಜಿಯಾಂಗ್ಸಿ ಪ್ರಾಂತ್ಯದ ಪೊಯಾಂಗ್ ಸರೋವರದ ಹಳ್ಳಿಗಳಲ್ಲಿ ದನ-ಎಮ್ಮೆಗಳನ್ನು ಬಸವನಹುಳು ಇರುವ ಹುಲ್ಲುಗಾವಲಿಗೆ ಬಿಡುವುದನ್ನೇ ನಿಲ್ಲಿಸಿ, ಉಳುವುದಕ್ಕೆ ಟ್ರ್ಯಾಕ್ಟರ್ ಕೊಟ್ಟು, ಮನೆಗೆ ನಲ್ಲಿ ನೀರು, ಶೌಚಾಲಯ, ಮೀನುಗಾರರ ದೋಣಿಗೆ ಮಲದ ಡಬ್ಬಿ ಎಲ್ಲಾ ಕೊಟ್ಟರು. ಕೆಲವೇ ವರ್ಷದಲ್ಲಿ ಅಲ್ಲಿನ ಜನರ ಸೋಂಕು ಶೇಕಡಾ 1ಕ್ಕಿಂತ ಕೆಳಗಿಳಿಯಿತು. 2009ರಲ್ಲಿ ಆ ವರದಿ ಬಂತು. ಆದರೆ ಲೇಯ್ಟೆಯ ಬಡ ರೈತನಿಗೆ ಎಮ್ಮೆ ಬಿಟ್ಟು ಟ್ರ್ಯಾಕ್ಟರ್ ತಗೋ ಅಂದರೆ, ದುಡ್ಡು ಯಾರು ಕೊಡುತ್ತಾರೆ?

ಸುಮ್ನೆ_ಒಬ್ಬ:
ಎಲ್ಲಾ ಎಮ್ಮೆ ತಲೆಗೇ ಕಟ್ಟಬೇಡಿ ಸ್ವಾಮಿ. ಚೀನಾದ್ದೇ ಅನ್ಹುಯಿ ಗುಡ್ಡಗಾಡಿನಲ್ಲಿ ಇಲಿಗಳೇ ಮುಖ್ಯ. ಅಲ್ಲಿ ಬಸವನಹುಳುವಿನಿಂದ ಮರಿಗಳು ಸಂಜೆ ಹೊತ್ತಿಗೆ ಹೊರಬರುತ್ತವೆ, ಇಲಿ ಓಡಾಡುವ ಸಮಯಕ್ಕೆ ಸರಿಯಾಗಿ. ದನ ಮೇಯುವ ಜೌಗಿನಲ್ಲಾದರೆ ಬೆಳಗ್ಗೆ. ಇಲಿಗೆ ಮಾತ್ರೆ ಹೇಗೆ ಕೊಡುತ್ತೀರಿ? ಆಫ್ರಿಕಾದ್ದೂ ಬರೀ ಮನುಷ್ಯರದ್ದಲ್ಲ. 2013ರಲ್ಲಿ ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಕಾವು ನದಿಗಿಳಿದ ಪ್ರವಾಸಿಗರಿಗೆ ಬಂದದ್ದು ಆಫ್ರಿಕಾದ ಹೀಮಟೋಬಿಯಮ್ ಮತ್ತು ದನದ ಹುಳುವಾದ ಬೋವಿಸ್ ಬೆರೆತ ತಳಿ.

ಹಾಸನದ_ಹುಡುಗ:
ಥ್ಯಾಂಕ್ಸ್ ಎಲ್ಲರಿಗೂ. ಗದ್ದೆ ಬದುವಿನಲ್ಲಿ ನಡೆಯಲೇಬೇಕಾಗುತ್ತದೆ. ಹಿಂದಿರುಗಿದ ಕೂಡಲೇ ಟೆಸ್ಟ್ ಮಾಡಿಸಿಬಿಡಲಾ?

ದನದ_ಡಾಕ್ಟ್ರು:
ಕೂಡಲೇ ಮಾಡಿಸಿದರೆ ಏನೂ ಸಿಗುವುದಿಲ್ಲ. ಹುಳು ಬೆಳೆದು ಮೊಟ್ಟೆ ಹಾಕುವುದಕ್ಕೇ ಐದಾರು ವಾರ ಬೇಕು. ಎಳೆಯ ಹುಳುವಿಗೆ ಪ್ರಾಜಿಕ್ವಾಂಟೆಲ್ ಕೂಡ ಸರಿಯಾಗಿ ನಾಟುವುದಿಲ್ಲ, ಆದ್ದರಿಂದ ಮುಂಜಾಗ್ರತೆ ಅಂತ ಮೊದಲೇ ನುಂಗಬೇಡಿ. ಮೊಣಕಾಲಿನವರೆಗಿನ ರಬ್ಬರ್ ಬೂಟು ತಗೊಳ್ಳಿ, ತೂತಿಲ್ಲದ್ದು. ನಡುವೆ ಜ್ವರ, ಕೆಮ್ಮು, ಮೈಮೇಲೆ ದದ್ದು ಕಂಡರೆ ಮಾತ್ರ ಕಾಯಬೇಡಿ, ನೀರಿಗಿಳಿದ ವಿಷಯ ಡಾಕ್ಟರಿಗೆ ಹೇಳಿ.