ಅಮ್ಮನ ಕತ್ತಿನ ಊತಕ್ಕೆ ಹರಳುಪ್ಪು ಕಾರಣ ಇರಬಹುದಾ?

ಕಾಫಿಗಿಡ:
ನಮ್ಮದು ಚಿಕ್ಕಮಗಳೂರು ಜಿಲ್ಲೆ, ಕೊಪ್ಪದ ಹತ್ತಿರ. ಅಮ್ಮನಿಗೆ 54 ವರ್ಷ. ಕರಿಮಣಿ ಸರ ಯಾಕೋ ಬಿಗಿಯಾಗ್ತಿದೆ ಅಂತ ಅವರು ಹೇಳಿದ ಮೇಲೆಯೇ ನಾವು ಸರಿಯಾಗಿ ನೋಡಿದ್ದು. ಕತ್ತಿನ ಮುಂದೆ ಊತ ಇದೆ, ನೋವಿಲ್ಲ, ನೀರು ನುಂಗುವಾಗ ಅದೂ ಮೇಲೆ ಹೋಗಿ ಇಳಿಯುತ್ತದೆ. ಥೈರಾಯ್ಡ್ ರಕ್ತಪರೀಕ್ಷೆ (ಟಿಎಸ್‌ಎಚ್) ನಾರ್ಮಲ್ ಬಂದಿದೆ. ಅಜ್ಜಿಗೂ ಹೀಗೇ ಇತ್ತು, ಗಳಗಂಡ ಅನ್ನುತ್ತಿದ್ದರು.

ಎರಡು ವರ್ಷದಿಂದ ನಾವು ಪ್ಯಾಕೆಟ್ ಉಪ್ಪು ಬಿಟ್ಟು ಕರಾವಳಿ ಕಡೆಯ ಹರಳುಪ್ಪು ಮೂಟೆಗಟ್ಟಲೆ ತರಿಸುತ್ತೇವೆ. ಸಮುದ್ರದ ಉಪ್ಪಲ್ವಾ, ಅಯೋಡಿನ್ ಇದ್ದೇ ಇರುತ್ತದೆ ಅಂತ ಅಣ್ಣನ ವಾದ. ಮನೆಯಲ್ಲಿ ಅತ್ತಿಗೆ ಮೂರು ತಿಂಗಳ ಬಸುರಿ, ಎಲ್ಲರಿಗೂ ಅದೇ ಉಪ್ಪು. ಪ್ಯಾಕೆಟ್ ಉಪ್ಪಿಗೆ ವಾಪಸ್ ಹೋದರೆ ಊತ ಇಳಿಯುತ್ತದಾ?

ಗಂಜಿಊಟ:
ನಿಮ್ಮ ಅಣ್ಣನ ಲೆಕ್ಕ ತಪ್ಪು. ಸಮುದ್ರದ ನೀರಿನಲ್ಲೇ ಅಯೋಡಿನ್ ತೀರಾ ಕಡಿಮೆ, ಗದ್ದೆಯಲ್ಲಿ ಬಿಸಿಲಿಗೆ ಉಪ್ಪು ಹರಳುಗಟ್ಟುವ ಹೊತ್ತಿಗೆ ಉಳಿಯುವುದು ಲೆಕ್ಕಕ್ಕಿಲ್ಲದಷ್ಟು. ಅದನ್ನು ಬೇರೆಯಾಗಿ ಬೆರೆಸಬೇಕು. ಸೈಂಧವ ಲವಣದ್ದೂ ಅದೇ ಕಥೆ. ಬೆರೆಸಿದ ಉಪ್ಪಿನ ಪ್ಯಾಕೆಟ್ ಮೇಲೆ ನಗುವ ಸೂರ್ಯನ ಚಿತ್ರ ಇರುತ್ತದೆ, ನೋಡಿ.

ನಿಮ್ಮ ಕಡೆ ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ಅಲ್ಲೇ ಬೆಳೆದ ಅಕ್ಕಿ ತರಕಾರಿಯಲ್ಲೂ ಕಡಿಮೆ. ಥೈರಾಯ್ಡ್ ಹಾರ್ಮೋನ್ ತಯಾರಾಗುವುದೇ ಅಯೋಡಿನ್‌ನಿಂದ. ಅದು ಸಾಲದೆ ಹೋದರೆ ಇದ್ದಷ್ಟನ್ನೂ ಹಿಡಿದುಕೊಳ್ಳೋಕೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ದೊಡ್ಡದಾಗುತ್ತದೆ, ಹಾರ್ಮೋನ್ ಹೇಗೋ ಸರಿದೂಗುತ್ತದೆ. ಟಿಎಸ್‌ಎಚ್ ನಾರ್ಮಲ್ ಇದ್ದೂ ಊತ ಇರಬಹುದು ಅನ್ನುವುದು ಅದಕ್ಕೇ.

ನೀಲಿಕೊಡೆ:
ನಾನು ನರ್ಸ್. ಅಮ್ಮನಿಗಿಂತ ಅತ್ತಿಗೆ ವಿಷಯ ಅರ್ಜೆಂಟ್. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಬಸುರಿಗೆ 250 ಬೇಕು. ಈ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯೋದು ತಾಯಿಯ ಹಾರ್ಮೋನ್ ನಂಬಿಕೊಂಡೇ. ಇವತ್ತೇ ಉಪ್ಪು ಬದಲಿಸಿ, ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಈ ಹರಳುಪ್ಪಿನ ವಿಷಯ ಹೇಳಿ.

ಅಮ್ಮನಿಗೆ ಸ್ಕ್ಯಾನಿಂಗ್ ಮಾಡಿಸಿ. ಎರಡು ವರ್ಷದ ಉಪ್ಪಿನಿಂದಲೇ ಆಗಿದ್ದು ಅನ್ನೋಕಾಗಲ್ಲ, ಹಳೆಯದೇ ಇರಬಹುದು, ಒಳಗೆ ಗಂಟೂ ಇರಬಹುದು. ಮಕ್ಕಳಲ್ಲಿ ಊತ ಇಳಿಯುವಷ್ಟು ಸುಲಭವಾಗಿ ಈ ವಯಸ್ಸಿನಲ್ಲಿ ಇಳಿಯಲ್ಲ. ಹಾಗಂತ ಸುಮ್ನೆ ಅಯೋಡಿನ್ ಹನಿ, ಮಾತ್ರೆ ಕೊಡಬೇಡಿ. ಹಳೇ ಗಂಟಿಗೆ ಒಮ್ಮೆಲೇ ಜಾಸ್ತಿ ಅಯೋಡಿನ್ ಸಿಕ್ಕಿದರೆ ಹಾರ್ಮೋನ್ ವಿಪರೀತ ಏರಿ ಎದೆ ಬಡಿತ ಶುರುವಾಗಬಹುದು.

ಹಳೇಬುತ್ತಿ:
ಇದೆಲ್ಲ ಕಂಪನಿಗಳ ಆಟ ಅನ್ನೋರು ಬರ್ತಾರೆ, ಅದಕ್ಕೆ ಮೊದಲೇ ಹೇಳ್ತೀನಿ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಊರುಗಳನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು ಕೊಟ್ಟರು. ಕೆಲವೇ ವರ್ಷದಲ್ಲಿ ಆ ಎರಡು ಕಡೆ ಗಳಗಂಡ ಇಳಿಯಿತು. ಆಮೇಲೆ 1962ರಲ್ಲಿ ಗಳಗಂಡ ತಡೆಯುವ ದೇಶದ ಕಾರ್ಯಕ್ರಮ ಶುರುವಾಯಿತು. ಈಗ ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು, ಅಂದರೆ ಗ್ರಾಂಗೆ 15 ಮೈಕ್ರೋಗ್ರಾಂ. ಹಾಗಂತ ಉಪ್ಪು ಜಾಸ್ತಿ ತಿನ್ನಬೇಡಿ ಮಾರಾಯ್ರೆ, ಬಿಪಿ ಏರುತ್ತದೆ. ಅಯೋಡಿನ್ ಹೋಗದ ಹಾಗೆ ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು, ಒಲೆಯಿಂದ ದೂರ ಇಡಿ, ಸಾರಿಗೆ ಕೊನೆಯಲ್ಲಿ ಹಾಕಿ.

ಕಾಫಿಗಿಡ:
ಆಶಾ ಅಕ್ಕ ಉಪ್ಪಿನಲ್ಲಿ ಅಯೋಡಿನ್ ಇದೆಯಾ ಅಂತ ನೋಡುವ ಕಿಟ್ ತಂದಿದ್ದರು. ಪಕ್ಕದ ಮನೆಯ ಪ್ಯಾಕೆಟ್ ಉಪ್ಪಿಗೆ ಒಂದು ಹನಿ ಬಿಟ್ಟರು, ನೇರಳೆ ಬಣ್ಣ ಬಂತು. ನಮ್ಮದು ಹನಿ ಬಿದ್ದ ಮೇಲೂ ಬೆಳ್ಳಗೇ ಕೂತಿತ್ತು. ಅಣ್ಣ ಮಾತಾಡಲಿಲ್ಲ, ಸಂಜೆ ಎರಡು ಕೆಜಿ ಪ್ಯಾಕೆಟ್ ತಂದಿಟ್ಟ. ಅಮ್ಮನ ಸ್ಕ್ಯಾನಿಂಗ್ ಸೋಮವಾರ. ಉಳಿದ ಅರ್ಧ ಮೂಟೆ ಏನು ಮಾಡೋದು?

ಗಂಜಿಊಟ:
ತೆಂಗಿನ ಬುಡಕ್ಕೆ ಹಾಕಿ.