ನೇಪಲ್ಸ್ ಹತ್ತಿರ ಸಮುದ್ರದೊಳಗಿನ ಬಾಯಾ: ಈಜು ಬಾರದವರು ಹೋಗಿ ಪ್ರಯೋಜನ ಇದೆಯಾ?

ರಸಬಾಳೆ, ಮೈಸೂರು
ಮಗಳು ರೋಮ್‌ನಲ್ಲಿ ಓದುತ್ತಿದ್ದಾಳೆ, ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಪೊಂಪೇಯಿ ನೋಡಬೇಕು ಅಂತ ನೇಪಲ್ಸ್‌ನಲ್ಲಿ ಎರಡು ದಿನ ಇಟ್ಟುಕೊಂಡಿದ್ದೇವೆ. ಅಲ್ಲೇ ಬಾಯಾ ಅಂತ ಒಂದು ಊರಿದೆಯಂತೆ, ರೋಮನ್ ಶ್ರೀಮಂತರ ಬಂಗಲೆಗಳೆಲ್ಲ ಸಮುದ್ರದ ತಳದಲ್ಲಿ ಇವೆಯಂತೆ, ಈಗ ಅದು ಸಂರಕ್ಷಿತ ಪಾರ್ಕ್. ನಮ್ಮೆಜಮಾನರಿಗೆ ಈಜು ಬರುತ್ತದೆ, ನನಗೆ ಬರಲ್ಲ, ಮೇಲೆ ದಪ್ಪ ಕನ್ನಡಕ ಬೇರೆ. ಕೆಆರ್‌ಎಸ್ ನೀರು ಇಳಿದಾಗ ಹಳೇ ಕನ್ನಂಬಾಡಿ ದೇವಸ್ಥಾನ ಕಾಣುತ್ತಿತ್ತಲ್ಲ, ಹಾಗಾ? ಇಲ್ಲಿ ಕಟ್ಟೆ ಕಟ್ಟಿದ್ದಕ್ಕೆ ಮುಳುಗಿತು, ಅಲ್ಲಿ ಏನಾಯಿತು?

ನೇತ್ರಾಣಿ ಡೈವರ್
ಮೇಡಂ, ಅಲ್ಲಿ ನೀರು ಏರಿದ್ದಕ್ಕಿಂತ ನೆಲ ಇಳಿದದ್ದೇ ಜಾಸ್ತಿ. ಆ ಜಾಗ ಪೂರ್ತಿ ಕಾಂಪಿ ಫ್ಲೆಗ್ರೇಯಿ ಅನ್ನುವ ಜ್ವಾಲಾಮುಖಿಯ ಮೇಲೆ ಕೂತಿದೆ. ಒಳಗಿನ ಒತ್ತಡ ಹೆಚ್ಚು ಕಡಿಮೆ ಆದಂತೆ ನೆಲ ನಿಧಾನಕ್ಕೆ ಏಳುತ್ತದೆ, ಇಳಿಯುತ್ತದೆ. 1982ರಿಂದ 84ರ ನಡುವೆ ಪಕ್ಕದ ಪೊಟ್ಸುವೊಲಿ ಊರು ಸುಮಾರು 1.8 ಮೀಟರ್ ಮೇಲೆದ್ದಿತ್ತು! ಈಗಲೂ ಏಳುತ್ತಿದೆ, ಸಣ್ಣಪುಟ್ಟ ಭೂಕಂಪ ಆಗುತ್ತಿರುತ್ತವೆ. ಹೊರಡುವ ಮುಂಚೆ ಸುದ್ದಿ ನೋಡಿಕೊಳ್ಳಿ.

ದೊಡ್ಡ ಗೋಪುರ, ಕಂಬಸಾಲು ಅಂತ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ. ಇರುವುದು ಮೊಣಕಾಲೆತ್ತರದ ಗೋಡೆ, ರಸ್ತೆ, ನೆಲಹಾಸು, ಅದರ ಮೇಲೆ ಪಾಚಿ. ಆದರೆ ಗೈಡ್ ಕೈಯಿಂದ ಮರಳು ಸರಿಸಿದಾಗ ಕೆಳಗಿಂದ ಕಪ್ಪು ಬಿಳಿ ಮೊಸಾಯಿಕ್ ಮೇಲೆ ಬರುತ್ತದಲ್ಲ, ಅದಕ್ಕೋಸ್ಕರವೇ ಹೋಗಬೇಕು. ನೋಡಿ ಮುಗಿದ ಮೇಲೆ ಮತ್ತೆ ಮರಳು ಮುಚ್ಚುತ್ತಾರೆ, ಇಲ್ಲದಿದ್ದರೆ ಹಾಳಾಗುತ್ತದೆ. ಚಕ್ರವರ್ತಿ ಕ್ಲಾಡಿಯಸ್‌ನ ಊಟದ ಮಂಟಪ ಐದು ಮೀಟರ್ ಆಸುಪಾಸಿನಲ್ಲೇ ಇದೆ. ಹಾಗಾಗಿ ನಿಮ್ಮೆಜಮಾನರು ಸ್ನಾರ್ಕೆಲ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೇ ತೇಲುತ್ತಾ ಕೆಳಗೆ ನೋಡುವುದು) ಮಾಡಿದರೂ ಸಾಕು. ಪರವಾನಗಿ ಇರುವ ಡೈವಿಂಗ್ ಸೆಂಟರ್ ಮೂಲಕವೇ ಹೋಗಿ, ಸುಮ್ನೆ ದಡದಿಂದ ಇಳಿಯಬೇಡಿ. ಸಿಲಿಂಡರ್ ಹಾಕಿ ಡೈವ್ ಮಾಡಿದರೆ ಮಾರನೇ ದಿನದವರೆಗೆ ವಿಮಾನ ಹತ್ತಬಾರದು.

ನಿಮಗೆ ಗಾಜಿನ ತಳದ ದೋಣಿ ಇದೆ, ಬಾಯಾ ಬಂದರಿನಿಂದ ಹೊರಡುತ್ತದೆ.

ಮಂಡ್ಯ ಸಿವಿಲ್
ಕೆಆರ್‌ಎಸ್ ಹೆಸರು ಬಂತಲ್ಲ, ಬಾಯಿ ಸುಮ್ಮನಿರಲ್ಲ. ನಮ್ಮ ಕಟ್ಟೆ ಸಿಮೆಂಟಿನದ್ದಲ್ಲ, ಸುರ್ಕಿ ಗಾರೆಯದ್ದು: ಸುಟ್ಟ ಇಟ್ಟಿಗೆ ಪುಡಿಗೆ ಸುಣ್ಣ ಬೆರೆಸಿದ್ದು. ರೋಮನ್ನರು ಇಟ್ಟಿಗೆ ಪುಡಿಯ ಜಾಗದಲ್ಲಿ ಇದೇ ಪೊಟ್ಸುವೊಲಿಯ ಜ್ವಾಲಾಮುಖಿ ಬೂದಿ ಹಾಕುತ್ತಿದ್ದರು. ಎರಡರ ರಸಾಯನ ಹೆಚ್ಚುಕಮ್ಮಿ ಒಂದೇ, ನೀರಿನೊಳಗೂ ಗಟ್ಟಿಯಾಗುತ್ತದೆ. ಈ ಬೂದಿಯನ್ನು ಹಡಗಿನಲ್ಲಿ ತುಂಬಿಕೊಂಡು ಹೋಗಿ ಈಗಿನ ಇಸ್ರೇಲ್‌ನ ಸಿಸೇರಿಯಾ ಬಂದರಿಗೂ ಬಳಸಿದ್ದಾರೆ ಅಂದರೆ ನೋಡಿ. ಕ್ರಿ.ಪೂ. 37ರಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ ಪೋರ್ಟುಸ್ ಯೂಲಿಯುಸ್ ನೌಕಾನೆಲೆಯೂ ಅಲ್ಲೇ ಪಕ್ಕದಲ್ಲಿ ಮುಳುಗಿದೆ. ನಾನಾದರೆ ಮೊಸಾಯಿಕ್ ಬಿಟ್ಟು ಅದರ ಗಾರೆ ನೋಡಲು ಹೋಗುತ್ತೇನೆ, ಮನೆಯವರು ಬೈದರೂ ಸರಿ.

ರಸಬಾಳೆ, ಮೈಸೂರು
ಅಣ್ಣ, ಸುರ್ಕಿ ವಿಷಯ ನಮ್ಮನೆಯವರಿಗೆ ಓದಿ ಹೇಳಿದೆ, ಈಗ ಅವರು ಪೊಂಪೇಯಿನೇ ಬೇಡ ಅಂತಿದ್ದಾರೆ. ಡೈವರ್ ಸರ್, ದೋಣಿಯಿಂದ ನಿಜಕ್ಕೂ ಏನಾದರೂ ಕಾಣುತ್ತಾ?

ಸಯ್ಯಾಜಿರಾವ್ ರೋಡ್
ನಾನು ಆ ದೋಣಿಯಲ್ಲಿ ಹೋಗಿದ್ದೆ, ಅದಕ್ಕೇ ಹೇಳುತ್ತೇನೆ. ಹಿಂದಿನ ದಿನ ಗಾಳಿ ಎದ್ದು ನೀರು ಕದಡಿತ್ತು, ಕಬ್ಬಿನ ಹಾಲಿನೊಳಗೆ ಇಣುಕಿದ ಹಾಗಿತ್ತು. ಗೋಡೆಯ ಗೆರೆ ಕಂಡಿತು, ಪ್ರತಿಮೆ ಮಸುಕಾಗಿ ಕಂಡಿತು, ಅಷ್ಟೇ. ನೀರಿನಲ್ಲಿರುವ ಪ್ರತಿಮೆಗಳು ಹೇಗೂ ನಕಲು. ಅಸಲಿ ಇರುವುದು ಗುಡ್ಡದ ಮೇಲಿನ ಬಾಯಾ ಕೋಟೆಯ ಮ್ಯೂಸಿಯಂನಲ್ಲಿ. ಕ್ಲಾಡಿಯಸ್‌ನ ಮಂಟಪವನ್ನೂ ಅಲ್ಲಿ ಮರುರೂಪಿಸಿ ಇಟ್ಟಿದ್ದಾರೆ, ಗ್ರೀಕ್ ಪುರಾಣದ ವೀರ ಯುಲಿಸಿಸ್ ಒಂಟಿಕಣ್ಣಿನ ರಾಕ್ಷಸನಿಗೆ ವೈನ್ ಕೊಡಲು ಕೈ ಚಾಚಿದ್ದಾನೆ, ರಾಕ್ಷಸನ ಪ್ರತಿಮೆ ಮಾತ್ರ ಸಿಕ್ಕಿಲ್ಲ. ಕನ್ನಡಕ ತೆಗೆಯದೆ ಆರಾಮಾಗಿ ನೋಡಬಹುದು. ನನ್ನ ಲೆಕ್ಕದಲ್ಲಿ ಈಜು ಬಾರದವರಿಗೆ ಮ್ಯೂಸಿಯಂ ಮೊದಲು, ದೋಣಿ ಆಮೇಲೆ.

ನೇತ್ರಾಣಿ ಡೈವರ್
ಈ ಮಾತು ಒಪ್ಪುತ್ತೇನೆ. ಆದರೂ ದೋಣಿ ಪೂರ್ತಿ ಬಿಡಬೇಡಿ, ಗಾಳಿ ಇಲ್ಲದ ದಿನ ಬೆಳಿಗ್ಗೆ ಹೋಗಿ. ಮೋಡ, ಮಳೆ ಇದ್ದರೆ ಪೊಂಪೇಯಿ ಮುಂದಕ್ಕೆ ತಂದುಕೊಳ್ಳಿ. ಕನ್ನಡಕದ ಪವರ್ ಇರುವ ಮಾಸ್ಕ್ ಕೆಲವು ಸೆಂಟರ್‌ಗಳಲ್ಲಿ ಸಿಗುತ್ತದೆ, ಮೊದಲೇ ಮೇಲ್ ಮಾಡಿ ಕೇಳಿ. ಲೈಫ್ ಜಾಕೆಟ್ ಹಾಕಿ ಗೈಡ್ ಕೈ ಹಿಡಿದು ತೇಲಿಸುತ್ತಾರಾ ಅಂತಲೂ ಅದೇ ಮೇಲ್‌ನಲ್ಲಿ ಕೇಳಿಬಿಡಿ.